ಕೈ ಎತ್ತಿದರ ಕಾಣಬೇಕಲ್ಲ

ನಮ್ಮ ವಾಚನಾಲಯದವರು ಈ ಪುಸ್ತಕಕ್ಕೆ ಒಂದು ಇತಿಹಾಸದ ಲೇಖನ ಬರೆದುಕೊಡ್ರಿ ಅಂದಾಗ ನನಗೆ ನಗು ಬಂತು. ಇತಿಹಾಸ ಅಂದರೆ ರಾಜರದು, ಕೋಟೆಯದು, ಯುದ್ಧದ್ದು. ಜತ್ತ ಸಂಸ್ಥಾನದ ಡಫಳೆ ಮನೆತನದ ಬಗ್ಗೆ ಮಾಸ್ತರು ಬರೀತಾರ. ಗುಡ್ಡಾಪುರದ ದಾನಮ್ಮನ ಬಗ್ಗೆ ತಿಳಿದ ಹಿರಿಯರು ಬರೀತಾರ. ಏಳನೇ ಇಯತ್ತೆ ಕಲಿತು, ಕಮತ ಮಾಡಿಕೊಂಡು, ರಾತ್ರಿ ಗೀಗೀ ಪದ ಹಾಡಿಕೊಂಡು ಬಂದ ನಾನು ಯಾವ ಇತಿಹಾಸ ಬರೀಲಿ?

ಹಂಗ ವಿಚಾರ ಮಾಡ್ತಾ ಕುಂತಾಗ ನನ್ನ ಬಲಗೈ ನೆನಪಾತು. ನನಗೂ ಮಾತಾಡೋದು ಐತಿ ಅಂತ ಹೇಳೋಕೆ ಮನುಷ್ಯ ಕೈ ಎತ್ತತಾನಲ್ಲ, ಆ ಕೈಗೂ ಒಂದು ಇತಿಹಾಸ ಐತಿ. ಅದನ್ನೇ ಬರೀತೀನಿ. ಯಾಕಂದರ 2021ರ ಮಳೆಗಾಲದಾಗ ನಾನು ಒಂದು ಸಭೆಯಲ್ಲಿ ಕೈ ಎತ್ತಿದೆ, ಅದು ಯಾರಿಗೂ ಕಾಣಲಿಲ್ಲ.

ಆಗ ಕೊರೊನಾ ಕಾಲ. ಸಾಲಿ ಬಂದ್ ಇದ್ದವು. ಹುಡುಗರ ಪಾಠ ಫೋನಿನಾಗ, ದೊಡ್ಡವರ ಸಭೆಯೂ ಫೋನಿನಾಗ. ನನ್ನ ಮೊಮ್ಮಗಳು ಕನ್ನಡ ಸಾಲಿಯಲ್ಲಿ ಆರನೇತ್ತೆ ಓದ್ತಿದ್ದಳು. ಅವಳ ಪಾಲಕ ಅಂತ ನನ್ನನ್ನು ಸಾಲಿಯ ವ್ಯವಸ್ಥಾಪನ ಸಮಿತಿಗೆ ತಗೊಂಡಿದ್ದರು. 2009ರ ಶಿಕ್ಷಣ ಹಕ್ಕಿನ ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಂದಿ ಪಾಲಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು. ಕಾಯ್ದೆ ಚಲೋ ಐತಿ. ಆದರೆ ಸಮಿತಿಯಲ್ಲಿ ಹೆಸರು ಇದ್ದರೆ ಸಾಲದು, ಮಾತು ಸಭೆಗೆ ಮುಟ್ಟಬೇಕು.

ಅವತ್ತಿನ ವಿಷಯ ಸಣ್ಣದಲ್ಲ. ನಮ್ಮೂರ ಕನ್ನಡ ಸಾಲಿಯ ಆರು, ಏಳನೇ ವರ್ಗ ತಗದು ನಾಲ್ಕು ಕಿಲೋಮೀಟರ್ ಆಚೆಯ ಊರಿಗೆ ಸೇರಿಸೋದು. ನಡುವೆ ಹಳ್ಳ ಐತಿ. ನಮ್ಮ ಕಡೆ ಮಳೆ ಕಡಿಮೆ, ವರ್ಷದಾಗ ಹತ್ತು ತಿಂಗಳು ಆ ಹಳ್ಳದಾಗ ಕುರಿ ಮೇಯತಾವ. ಆದರ ಬಂದಾಗ ಒಮ್ಮೆಲೇ ಬರ್ತದ. ಎದೆಮಟ ನೀರು, ಎರಡು ತಾಸಿನಾಗ ಇಳೀತದ, ಆ ಎರಡು ತಾಸಿನಾಗ ಏನೂ ಆಗಬಹುದು. ಇಷ್ಟು ಮಾತು ಹೇಳಬೇಕಂತ ನಾನು ಮನಸಿನಾಗ ಜೋಡಿಸಿಕೊಂಡು ಕುಂತಿದ್ದೆ.

ಮನೆಯಾಗ ನೆಟ್‌ವರ್ಕ್ ಬರೋದಿಲ್ಲ. ಮಗನ ಫೋನ್ ಇಸಕೊಂಡು ಹೊಲದ ದಿಬ್ಬದ ಮ್ಯಾಲಿನ ಬೇವಿನ ಗಿಡದ ಬುಡಕ್ಕೆ ಹೋದೆ. ಸಜ್ಜಿ ಬಿತ್ತಿ ಆಗಿತ್ತು. ಫೋನನ್ನ ಒಂದು ಕಲ್ಲಿಗೆ ಆನಿಸಿ ಇಟ್ಟೆ. ಸಣ್ಣ ಸಣ್ಣ ಚೌಕದಾಗ ಮುಖ ಕಂಡವು. ಸಾಹೇಬರು ವಿಷಯ ಓದಿದರು. ಆಮೇಲೆ, "ಯಾರದಾದರೂ ಹರಕತ್ತು ಐತೇನು?" ಅಂತ ಕೇಳಿದರು. ನಾನು ಬಲಗೈ ಮ್ಯಾಲಕ್ಕೆ ಎತ್ತಿದೆ. ಸಾಹೇಬರು ಒಂದು ಉಸಿರಿನಷ್ಟು ತಡದು, "ಯಾರೂ ಇಲ್ಲ, ಮುಂದಿನ ವಿಷಯ" ಅಂದರು. ನಾನು ಕೈ ಇನ್ನೂ ಮ್ಯಾಲಕ್ಕೆತ್ತಿದೆ. "ಸಾಹೇಬರ, ಸಾಹೇಬರ" ಅಂತ ಒದರಿದೆ. ಯಾರೂ ತಿರುಗಿ ನೋಡಲಿಲ್ಲ. ಬುತ್ತಿ ತಂದ ನನ್ನ ಹೆಂಡತಿ ಹಿಂದ ನಿಂತು ಕೇಳಿದಳು: "ಬಿತ್ತಿ ಎರಡು ದಿನ ಆಗಿಲ್ಲ, ಈಗೇ ಹಕ್ಕಿ ಹೊಡಿಯಾಕತ್ತೀರೇನು?"

ನಾಲ್ಕು ದಿನದ ಮ್ಯಾಲೆ ಸಭೆಯ ಪ್ರೊಸೀಡಿಂಗ್ ಕಾಗದ ಬಂತು. ಅದರಾಗ ಬರೆದಿತ್ತು, ಯಾರ ಹರಕತ್ತೂ ಬರಲಿಲ್ಲ ಅಂತ. ಆ ಒಂದು ಸಾಲು ಓದಿ ನನಗೆ ಆದ ಸಂಕಟ ಹೇಳೋಕೆ ಬರೋದಿಲ್ಲ. ನಾನು ಬೇಡ ಅಂದಿದ್ದೆ. ಕಾಗದ ನನ್ನನ್ನು ಹೂಂ ಅನಿಸಿತ್ತು.

ಮೊಮ್ಮಗಳಿಗೆ ಹೇಳಿದೆ. ಅವಳು ನಕ್ಕಳು. "ಅಜ್ಜಾ, ನೀ ಕೈ ಎತ್ತಿದ್ದು ಹೊಲದಾಗ. ಸಭಾದಾಗ ಎತ್ತಿಲ್ಲ. ನಿನ್ನ ಕ್ಯಾಮೆರಾ ಬಂದ್ ಇತ್ತು, ಮೈಕೂ ಬಂದ್ ಇತ್ತು. ಇದರಾಗ ಬ್ಯಾರೆ ಕೈ ಐತಿ ನೋಡು" ಅಂತ ಫೋನಿನ ಕೆಳಗೆ ಒತ್ತಿ ಒಂದು ಹಳದಿ ಬಣ್ಣದ ಕೈ ತೋರಿಸಿದಳು. ಅಂಗೈಯಷ್ಟು ಫೋನಿನಾಗ ಉಗುರಿನಷ್ಟು ಕೈ. ಅದನ್ನ ನೋಡಿದಾಗಿನಿಂದ ನನ್ನ ತಲಿಯಾಗ ಈ ಕೈಯ ವಿಚಾರ ಹೊಕ್ಕೊಂಡಿತು. ಗೊತ್ತಿದ್ದದ್ದು ನೆನಪು ಮಾಡಿಕೊಂಡೆ. ಗೊತ್ತಿಲ್ಲದ್ದನ್ನ ವಾಚನಾಲಯದ ಪುಸ್ತಕದಿಂದ, ನಮ್ಮ ಸಾಲಿಯ ಮಾಸ್ತರಿಂದ ಕೇಳಿ ತಿಳಕೊಂಡೆ.

ಮೊದಲು ನಮ್ಮೂರ ಚಾವಡಿಯ ಮಾತು ಹೇಳ್ತೀನಿ. ನಾನು ಸಣ್ಣವನಿದ್ದಾಗ ನ್ಯಾಯ, ಜಾತ್ರಿಯ ಪಟ್ಟಿ, ಬಾವಿಯ ಪಾಳಿ, ಎಲ್ಲಾ ಚಾವಡಿ ಕಟ್ಟಿ ಮ್ಯಾಲೆ ತೀರ್ಮಾನ ಆಗತಿತ್ತು. ಅಲ್ಲಿ ಕೈ ಎತ್ತೋ ಪದ್ಧತಿ ಇರಲಿಲ್ಲ. ಮಾತಾಡೋನು ಹೆಗಲ ಮ್ಯಾಲಿನ ವಲ್ಲಿ ತಗದು ಕೈಯಾಗ ಹಿಡಕೊಂಡು ಎದ್ದು ನಿಲ್ಲತಿದ್ದ. ಇಲ್ಲಾಂದರ ಕುಂತಲ್ಲೇ ಸ್ವಲ್ಪ ಮುಂದಕ್ಕೆ ಸರದು ಕೆಮ್ಮತಿದ್ದ. ಹಿರಿಯ ಪಂಚರು ಅವನ ಕಡೆ ಗಲ್ಲ ಎತ್ತಿದರೆ, "ಒಂದ ಮಾತ ಹೇಳತೀನ್ರಿ" ಅಂತ ಶುರು ಮಾಡತಿದ್ದ. ವಲ್ಲಿ ತಗದದ್ದು ಅರ್ಜಿ, ಗಲ್ಲ ಎತ್ತಿದ್ದು ಅಪ್ಪಣೆ.

ಇದನ್ನ ಬಂಗಾರದ ಕಾಲ ಅಂತ ನಾನು ಹೇಳಾಂಗಿಲ್ಲ. ಕಟ್ಟಿ ಮ್ಯಾಲೆ ಕುಂಡ್ರುವವರು ಯಾರು, ಕೆಳಗೆ ದೂರ ನಿಲ್ಲುವವರು ಯಾರು ಅನ್ನೋದು ಹುಟ್ಟಿದ ಮನಿಯ ಮ್ಯಾಲೆ ಗೊತ್ತಾಗತಿತ್ತು. ಕೆಳಗೆ ನಿಂತವರು ವಲ್ಲಿ ತಗದರೂ, ಕೆಮ್ಮಿದರೂ, ಕೈ ಮುಗದರೂ ಮ್ಯಾಲಿನವರ ಕಣ್ಣು ಅತ್ತ ಹೊರಳತಿರಲಿಲ್ಲ. ಅವರ ಕ್ಯಾಮೆರಾ ಬಂದ್ ಇರಲಿಲ್ಲ. ನೋಡುವವರ ಕಣ್ಣೇ ಬಂದ್ ಇದ್ದವು.

ಹೆಣ್ಣುಮಕ್ಕಳಂತೂ ಚಾವಡಿಗೆ ಬರತಿರಲಿಲ್ಲ. ಮನಿಯ ಪಡಸಾಲಿಯಾಗ ಪಂಚರು ಕುಂತರೆ ಅವರು ಬಾಗಿಲ ಮರೆಗೆ ನಿಲ್ಲತಿದ್ದರು. ನಮ್ಮ ಅಪ್ಪ ತೀರಿಕೊಂಡ ವರ್ಷ ನಮ್ಮ ದೊಡ್ಡಪ್ಪನ ಜೊತೆ ಹೊಲದ ವಾಟ್ನಿ ಆಯಿತು. ಬಾವಿ ದೊಡ್ಡಪ್ಪನ ಪಾಲಿಗೆ, ನಮಗೆ ಬರೀ ಮಡ್ಡಿ ಹೊಲ ಅಂತ ಮಾತು ಮುಗೀತಾ ಬಂತು. ಆಗ ಬಾಗಿಲ ಮರೆಯಿಂದ ಬಳೆ ಸಪ್ಪಳ ಕೇಳಿತು. ನಮ್ಮವ್ವ ಕೈ ಝಾಡಿಸಿದ್ದಳು. ಯಾರೂ ಕಿವಿಗೊಡಲಿಲ್ಲ. ಮತ್ತೆ ಝಾಡಿಸಿದಳು. ಮೂರನೇ ಸಲಕ್ಕೆ ಪಂಚರಾಗ ಒಬ್ಬ ಮುದುಕರು, "ತಡೀರಿ, ಒಳಗಿನವರು ಏನೋ ಅಂತಾರ" ಅಂದರು. ಅವ್ವ ಬಾಗಿಲ ಮರೆಯಿಂದಲೇ ಹೇಳಿದಳು: "ಬಾವಿ ತೋಡುವಾಗ ನಾನೂ ಬುಟ್ಟಿಲೆ ಮಣ್ಣ ಹೊತ್ತೀನಿ. ಹಗಲ ಅವರು ತಗೊಳ್ಳಲಿ, ರಾತ್ರಿ ನೀರ ನಮಗ ಬಿಡ್ರಿ." ಅಷ್ಟೇ ಮಾತು. ಆ ರಾತ್ರಿ ನೀರಿನ ಮ್ಯಾಲೆ ನಾವು ಐದು ಮಕ್ಕಳು ಬದುಕಿದೆವು.

ಇವತ್ತಿಗೂ ನಾನು ಅವ್ವನ ಬಳೆಗೆ ಎಷ್ಟು ಋಣಿಯೋ, ತಡೀರಿ ಅಂದ ಆ ಮುದುಕರಿಗೂ ಅಷ್ಟೇ ಋಣಿ. ಅವರು ಅನದಿದ್ದರೆ ಬಳೆ ಒಡೆಯುವತನಕ ಝಾಡಿಸಿದರೂ ಬಾವಿ ಸಿಗತಿರಲಿಲ್ಲ.

ಸಾಲಿಗೆ ಹೋದ ಮ್ಯಾಲೆ ನಾನು ಕೈ ಎತ್ತೋದು ಕಲಿತೆ. ಉತ್ತರ ಗೊತ್ತಿದ್ದವರು ಕೈ ಎತ್ತಬೇಕು. ಕಿರಿಬೆರಳು ತೋರಿಸಿದರೆ ಹೊರಗೆ ಹೋಗಬೇಕು ಅಂತ ಅರ್ಥ. ಹಿಂದಿನ ಸಾಲಿನ ಹುಡುಗರು ಅಂಗೈ ಎತ್ತಿದರೆ ಮುಂದಿನವರ ತಲಿ ಅಡ್ಡ ಬರತಿತ್ತು. ಅದಕ್ಕೆ ಅರ್ಧ ಎದ್ದು ನಿಂತು ಎತ್ತತಿದ್ದೆವು. ಒಬ್ಬ ಗುರುಗಳು ದಿನಾ ಮುಂದಿನ ಸಾಲಿನವರನ್ನೇ ಕೇಳತಿದ್ದರು. ಇನ್ನೊಬ್ಬ ಗುರುಗಳು ಕಿಡಕಿಯ ಹತ್ತಿರ ಹೋಗಿ ನಿಂತು ಹಿಂದಿನಿಂದ ನೋಡತಿದ್ದರು. ಎರಡನೆಯವರ ವರ್ಗದಾಗ ನಾನು ಲೆಕ್ಕ ಕಲಿತೆ.

ಹಾಡಿನ ಮೇಳದಾಗಂತೂ ಸನ್ನೆಯೇ ಎಲ್ಲಾ. ಹರದೇಶಿ-ನಾಗೇಶಿ ಮೇಳ ಕೂಡಿದರೆ ಬೆಳಗಾಗುವತನಕ ಸವಾಲು-ಜವಾಬು ನಡೀತದ. ಒಂದು ಪಕ್ಷದವರು ಗಂಡು ಹೆಚ್ಚು ಅಂತ ಹಾಡಿದರೆ, ಇನ್ನೊಂದು ಪಕ್ಷದವರು ಹೆಣ್ಣು ಹೆಚ್ಚು ಅಂತ ಹಾಡತಾರ. ಅವರ ಪದ ಮುಗಿಯದ ಹೊರತು ನಾವು ಏಳಾಂಗಿಲ್ಲ. ಮುಗೀತು ಅಂತ ಹೆಂಗ ತಿಳಿಯೋದು? ನಮ್ಮ ಕಡೆ ಮುಂದಿನ ಹಾಡುಗಾರ ದಪ್ಪನ್ನು ಎದೆಯಿಂದ ಕೆಳಗಿಳಿಸತಾನ. ಹಿಮ್ಮೇಳದವರು ಗೀಗೀ ಸೊಲ್ಲು ಎಳೆದು ನಿಲ್ಲಸತಾರ. ತುಂತುಣಿ ಒಂದೇ ಮಿಡೀತಿರತದ. ಅದೇ ನಮಗೆ ಕರೆ. ನಮ್ಮ ಮೇಳದೊಳಗೂ ಹಂಗೇ. ಮುಂದಿನ ನುಡಿ ನಾನು ಎತ್ತಿಕೊಳ್ಳತೀನಿ ಅಂತ ಹೇಳಬೇಕಾದರೆ ಹುಬ್ಬು ಹಾರಿಸಿದರೆ ಸಾಕು. ನಲವತ್ತು ವರ್ಷ ಹಾಡೀನಿ, ಒಂದು ಸಲವೂ ಕೈ ಎತ್ತಿ ಕೇಳಿಲ್ಲ. ಕಣ್ಣಿಗೆ ಕಣ್ಣು ಕೂಡತಿತ್ತು.

ಹಂಗಾದರೆ ಲೋಕದಾಗ ಬ್ಯಾರೆ ಮಂದಿ ಏನು ಮಾಡತಿದ್ದರು? ಮಾಸ್ತರು ಹೇಳಿದ್ದು ಕೇಳಿ ನನಗೆ ಬಲು ಸೋಜಿಗ ಆತು.

ಸುಮಾರು 2400 ವರ್ಷದ ಹಿಂದೆ ಗ್ರೀಸ್ ದೇಶದ ಅಥೆನ್ಸ್ ಪಟ್ಟಣದಾಗ ಪ್ನಿಕ್ಸ್ ಅನ್ನೋ ಗುಡ್ಡದ ಮ್ಯಾಲೆ ಊರಿನ ಸಭೆ ಕೂಡತಿತ್ತು. ಕೆಲವು ದೊಡ್ಡ ತೀರ್ಮಾನಕ್ಕೆ 6000 ಮಂದಿ ಇರಲೇಬೇಕು ಅಂತ ಕಟ್ಟಳೆ. ಅಷ್ಟು ಮಂದಿಯಾಗ ಮಾತು ಹೆಂಗ ಹಂಚೋದು? ಅದಕ್ಕೆ ಒಬ್ಬ ಡಂಗುರದವನಂಥವ ಇರತಿದ್ದ. ಅವನು ಎದ್ದು ನಿಂತು, ಮಾತಾಡೋ ಇಚ್ಛೆ ಯಾರಿಗೈತಿ ಅಂತ ದೊಡ್ಡ ದನಿಯಿಂದ ಕೂಗಿ ಕೇಳತಿದ್ದ. ಮನಸಿದ್ದವರು ಮುಂದೆ ಬಂದು ಕಲ್ಲಿನ ಕಟ್ಟಿ ಹತ್ತತಿದ್ದರು. ಹಳೆಯ ಕಟ್ಟಳೆಯಲ್ಲಿ ಐವತ್ತು ದಾಟಿದವರನ್ನು ಮೊದಲು ಕರೀತಿದ್ದರಂತೆ. ಆ ಲೆಕ್ಕದಾಗ ನನಗೆ ಮೊದಲ ಪಾಳಿ ಸಿಗತಿತ್ತು. ಇನ್ನು ಕೈ ಎತ್ತೋದು ಅಲ್ಲಿ ಇತ್ತು, ಆದರೆ ಮಾತು ಕೇಳೋಕಲ್ಲ, ಮತ ಹಾಕೋಕೆ. ಎತ್ತಿದ ಕೈಗಳ ರಾಶಿ ನೋಡಿ ಯಾವ ಕಡೆ ಹೆಚ್ಚು ಅಂತ ಹೇಳತಿದ್ದರು. ಅಲ್ಲಿಯೂ ಹೆಣ್ಣುಮಕ್ಕಳಿಗೆ, ಗುಲಾಮರಿಗೆ, ಹೊರಗಿನಿಂದ ಬಂದು ನೆಲೆಸಿದವರಿಗೆ ಆ ಗುಡ್ಡದ ಮ್ಯಾಲೆ ಪಾಲು ಇರಲಿಲ್ಲ.

ಗ್ರೀಕರ ಅದಕ್ಕಿಂತ ಹಳೆಯ ಇಲಿಯಡ್ ಅನ್ನೋ ಕಾವ್ಯದಾಗ ಇನ್ನೊಂದು ಪದ್ಧತಿ ಬರ್ತದ. ಸಭೆಯಾಗ ಮಾತಾಡೋವನ ಕೈಗೆ ಒಂದು ದಂಡ ಕೊಡತಾರ. ದಂಡ ಯಾರ ಕೈಯಾಗ, ಮಾತು ಅವರದು. ಅಮೆರಿಕದ ಮೂಲನಿವಾಸಿ ಮಂದಿಯಾಗೂ ಮಾತಿನ ಕೋಲು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸೋ ಪದ್ಧತಿ ಐತಿ. ಇದು ನಮಗೂ ತಿಳಿಯದ ಮಾತಲ್ಲ. ಮೇಳದಾಗ ದಪ್ಪು ಯಾರ ಕೈಯಾಗೈತೋ ಪದ ಅವರದು.

ಇಂಗ್ಲೆಂಡಿನ ಪಾರ್ಲಿಮೆಂಟಿನಾಗ ಮಾತು ಬೇಕಾದವರು ಕೈ ಎತ್ತೋದಿಲ್ಲ, ಎದ್ದು ನಿಲ್ಲತಾರ. ಒಬ್ಬರ ಮಾತು ಮುಗಿದ ಕೂಡಲೇ ಹತ್ತಾರು ಮಂದಿ ಎದ್ದು ನಿಲ್ಲತಾರ. ಸಭಾಪತಿಯ ಕಣ್ಣಿಗೆ ಬಿದ್ದವನ ಹೆಸರು ಕರೀತಾರ, ಉಳಿದವರು ಕೂತುಕೊಳ್ಳತಾರ, ಮತ್ತೆ ಏಳತಾರ. ನಮ್ಮ ಲೋಕಸಭೆಯ ನಿಯಮವೂ ಅದೇ ದಾರಿಯದು. ಒಬ್ಬರಿಗಿಂತ ಹೆಚ್ಚು ಮಂದಿ ಎದ್ದರೆ ಸಭಾಪತಿ ಯಾರ ಹೆಸರು ಕರೀತಾರೋ ಅವರಿಗೆ ಮಾತು.

ಇಂಗ್ಲೆಂಡಿನ ಒಂದು ಟೊಪಿಗೆಯ ಕಥೆ ಕೇಳ್ರಿ. ಮತ ಹಾಕೋ ಹೊತ್ತಿನಾಗ ಸದಸ್ಯರು ಎದ್ದು ಓಡಾಡತಿರತಾರ. ಆ ಗದ್ದಲದಾಗ ಎದ್ದು ನಿಂತವನು ಮಾತು ಕೇಳತಾನೋ, ಮತ ಹಾಕೋಕೆ ಹೊಂಟಾನೋ ತಿಳಿಯೋದಿಲ್ಲ. ಅದಕ್ಕೆ ಆ ಹೊತ್ತಿನಾಗ ನಿಯಮದ ತಕರಾರು ಎತ್ತೋವನು ಕುಂತಲ್ಲೇ ತಲಿ ಮ್ಯಾಲೆ ಟೊಪಿಗೆ ಇಟ್ಟುಕೊಂಡು ಮಾತಾಡಬೇಕು ಅಂತ ಇತ್ತು. ಕಾಲ ಬದಲಾಗಿ ಟೊಪಿಗೆ ಹಾಕೋರೇ ಇಲ್ಲದಾಗ, ಮಡಚೋಕೆ ಬರೋ ಒಂದು ಟೊಪಿಗೆಯನ್ನು ಸಭೆಯಾಗ ಇಟ್ಟಿರತಿದ್ದರು. ತಕರಾರಿನವರು ಅದನ್ನೇ ಇಸಕೊಂಡು ತಲಿಗೆ ಹಾಕಿಕೊಳ್ಳತಿದ್ದರು. 1998ರಲ್ಲಿ ಆ ಪದ್ಧತಿ ತಗದರು. ನಗು ಬರ್ತದ, ಖರೆ. ಆದರೆ ವಿಚಾರ ಮಾಡಿದರೆ ಅದರಾಗ ಬುದ್ಧಿ ಐತಿ. ಗದ್ದಲದಾಗ ಎಲ್ಲಾರಿಗಿಂತ ಬ್ಯಾರೆ ಕಾಣೋ ಗುರುತು ಬೇಕು. ಎಲ್ಲಾರೂ ನಿಂತಾಗ ಕುಂತವನು ಕಾಣತಾನ.

ಅಮೆರಿಕದ ಹೆನ್ರಿ ರಾಬರ್ಟ್ ಅನ್ನೋ ದಂಡಿನ ಎಂಜಿನಿಯರ್ ಒಬ್ಬನಿದ್ದ. 1863ರಲ್ಲಿ ನ್ಯೂ ಬೆಡ್‌ಫರ್ಡ್ ಊರಿನಾಗ ಅವನನ್ನು ಒಂದು ಸಭೆಗೆ ಅಧ್ಯಕ್ಷ ಮಾಡಿದರು. ಸಭೆ ನಡಿಸೋದು ಅವನಿಗೆ ಗೊತ್ತಿರಲಿಲ್ಲ, ಸಭೆ ಕೈಮೀರಿ ಹೋಯಿತು. ಅವನಿಗೆ ನಾಚಿಕೆ ಆತು. ಅವಾಗಿನಿಂದ ಸಭೆಯ ನಿಯಮ ಓದಿ ಓದಿ, 1876ರಲ್ಲಿ ಒಂದು ಪುಸ್ತಕವನ್ನೇ ಬರೆದ. ಮಾತು ಬೇಕಾದವರು ಏಳಬೇಕು, ಅಧ್ಯಕ್ಷರನ್ನು ಕರೀಬೇಕು, ಅಧ್ಯಕ್ಷರು ಗುರುತಿಸಿದ ಮ್ಯಾಲೆ ಮಾತಾಡಬೇಕು ಅನ್ನೋದು ಅದರಾಗ ಐತಿ. ಇವತ್ತಿಗೂ ಅಲ್ಲಿನ ಸಂಘಸಂಸ್ಥೆಯವರು ಆ ಪುಸ್ತಕ ಹಿಡಕೊಂಡು ಸಭೆ ನಡಸತಾರ. ನನಗೆ ಆ ರಾಬರ್ಟ್ ಬಲು ಸೇರಿದ. ಯಾಕಂದರ ನಾನೂ ಒಂದು ಸಭೆಯಾಗ ಸೋತ ಮ್ಯಾಲೆ ಇದನ್ನೆಲ್ಲಾ ಓದಾಕ ಹತ್ತಿದ್ದು.

ಈಗ ಫೋನಿನ ಸಭೆಗೆ ಬರೋಣ. ಮುಖ ನೋಡಿಕೊಂಡು ಮಾತಾಡೋ ಫೋನ್ ಹೊಸದೇನಲ್ಲ. 1964ರಲ್ಲಿ ನ್ಯೂಯಾರ್ಕಿನ ಜಾಗತಿಕ ಪ್ರದರ್ಶನದಾಗ ಬೆಲ್ ಕಂಪನಿಯವರು ಚಿತ್ರದ ಫೋನ್ ತೋರಿಸಿದ್ದರು. ತುಟ್ಟಿ ಇತ್ತು, ನಡೀಲಿಲ್ಲ. ಝೂಮ್ ಕಂಪನಿಯನ್ನು ಎರಿಕ್ ಯುವಾನ್ ಅನ್ನೋರು 2011ರಲ್ಲಿ ಶುರು ಮಾಡಿದರು. 2020ರ ಮಾರ್ಚದಾಗ ನಮ್ಮ ದೇಶ ಬಂದ್ ಆತು. ಆ ತಿಂಗಳೇ ದಿಲ್ಲಿಯ ಸುಪ್ರೀಂ ಕೋರ್ಟಿನಾಗ ವಕೀಲರು ಪರದೆ ಮ್ಯಾಲೆ ವಾದ ಮಾಡಾಕ ಹತ್ತಿದರು. ಮೇ ತಿಂಗಳದಾಗ ಗೂಗಲ್ ಮೀಟ್ ಎಲ್ಲಾರಿಗೂ ಪುಕ್ಕಟೆ ಆತು. ಅದರಾಗ ಕೈ ಎತ್ತೋ ಗುಂಡಿ ಬಂದದ್ದು ಅದೇ ವರ್ಷದ ಕೊನೆಗೆ. ಅಂದರೆ ಮೊದಲು ಮಂದಿ ಬಂದರು, ಕೈ ಆಮೇಲೆ ಬಂತು.

ಇಂಗ್ಲೆಂಡಿನ ಪಾರ್ಲಿಮೆಂಟೂ 2020ರ ಏಪ್ರಿಲ್ 22ರಿಂದ ಅರ್ಧ ಪರದೆ ಮ್ಯಾಲೆ ನಡೀತು. 50 ಮಂದಿ ತನಕ ಸಭೆಯೊಳಗೆ, 120 ಮಂದಿ ತನಕ ಝೂಮಿನಾಗ. ಎದ್ದು ನಿಂತು ಸಭಾಪತಿಯ ಕಣ್ಣಿಗೆ ಬೀಳೋ ಪದ್ಧತಿ ಅಲ್ಲಿ ನಡೀಲಿಲ್ಲ. ಮನಿಯಾಗ ಎದ್ದು ನಿಂತರೆ ಪರದೆ ಮ್ಯಾಲೆ ಅಂಗಿಯ ಗುಂಡಿ ಅಷ್ಟೇ ಕಾಣತಾವ. ಅದಕ್ಕೆ ಯಾರು ಮಾತಾಡಬೇಕು ಅಂತ ಮೊದಲೇ ಪಟ್ಟಿ ಮಾಡಿ ಹೊರಡಿಸಿದರು. ಅಂಥಾ ದೊಡ್ಡ ಸಭೆಯವರೇ ಹಳೆಯ ಪದ್ಧತಿ ಬದಿಗಿಟ್ಟರು. ಬೇವಿನ ಗಿಡದ ಬುಡಕ ಕುಂತ ನಾನು ತಪ್ಪಿದ್ದರಾಗ ಏನು ದೊಡ್ಡದು ಅಂತ ನನಗೆ ಸಮಾಧಾನ ಆತು.

ಫೋನಿನ ಸಭೆಗೆ ಈ ಸಣ್ಣ ಕೈ ಯಾಕ ಬೇಕಾತು? ಹಾಡೋವನಿಗೆ ಇದು ಲಗೂನ ತಿಳೀತದ. ಕೊರೊನಾದಾಗ ನಮ್ಮ ಮೇಳದವರು ಫೋನಿನಾಗ ಕೂಡಿ ಹಾಡಾಕ ಹೋದೆವು. ನಾನು ಪದ ಎತ್ತಿದರೆ ಹಿಮ್ಮೇಳದ ಸೊಲ್ಲು ತಡವಾಗಿ ಬರತಿತ್ತು. ತಾಳ ಒಂದು ಕಡೆ, ಸೊಲ್ಲು ಒಂದು ಕಡೆ. ಇಬ್ಬರು ಒಮ್ಮೆಲೇ ದನಿ ತಗದರೆ ಒಬ್ಬರದೇ ಕೇಳತಿತ್ತು, ಇನ್ನೊಬ್ಬರದು ನುಂಗಿ ಹೋಗತಿತ್ತು. ಹತ್ತು ನಿಮಿಷಕ್ಕೆ ಬಿಟ್ಟೆವು.

ಮಾತಿಗೂ ಹಂಗೇ. ಎದುರು ಬದುರು ಕುಂತಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರು ಆಗೋಕೆ ನಡುವೆ ಎಷ್ಟು ಹೊತ್ತು ಹಿಡೀತದ ಅಂತ ಪಂಡಿತರು ಹತ್ತು ಬ್ಯಾರೆ ಬ್ಯಾರೆ ಭಾಷೆಯಾಗ ಅಳೆದು ನೋಡ್ಯಾರ. ಸರಾಸರಿ ಒಂದು ಸೆಕೆಂಡಿನ ಐದರಲ್ಲಿ ಒಂದು ಪಾಲು. ಕಣ್ಣು ರೆಪ್ಪಿ ಹೊಡೆದಷ್ಟು. ಎದುರಿಗಿನವರ ಉಸಿರು, ಕಣ್ಣು, ದನಿಯ ಇಳಿತ ನೋಡಿ ನಾವು ತಯಾರಾಗಿ ಕುಂತಿರತೀವಿ. ಫೋನಿನಾಗ ದನಿ ಬರೋಕೇ ಅದಕ್ಕಿಂತ ತಡ ಆಗಬಹುದು. ಯಾರು ಯಾರ ಕಡೆ ನೋಡತಾರ ಅನ್ನೋದೂ ತಿಳಿಯೋದಿಲ್ಲ, ಯಾಕಂದರೆ ಎಲ್ಲಾರೂ ಫೋನನ್ನೇ ನೋಡತಿರತಾರ. ನನ್ನ ಹುಬ್ಬಿನ ಸನ್ನೆ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಹಿಂಗಾಗಿ ಗಟ್ಟಿ ದನಿಯವರು, ಒಳ್ಳೆ ನೆಟ್‌ವರ್ಕ್ ಇದ್ದವರು ಮಾತಾಡತಾರ. ತಡೆದು ಮಾತಾಡೋರು ತಡೆದೇ ಉಳೀತಾರ.

ಆ ಹಳದಿ ಕೈ ಇದಕ್ಕೆ ಒಂದು ಮದ್ದು. ಒತ್ತಿದರೆ ನಮ್ಮ ಚೌಕದ ಮೂಲೆಯಾಗ ಕೈ ಕಾಣತದ. ಸಭೆ ನಡಿಸೋರ ಪಟ್ಟಿಯಾಗ ನಮ್ಮ ಹೆಸರು ಮ್ಯಾಲಕ್ಕೆ ಏರತದ. ಮೊದಲು ಎತ್ತಿದವರು ಮೊದಲು, ಆಮೇಲೆ ಎತ್ತಿದವರು ಆಮೇಲೆ. ಗೌಡರ ಮಗ, ಆಳಿನ ಮಗ ಅನ್ನೋ ಭೇದ ಆ ಪಟ್ಟಿಗಿಲ್ಲ. ನಮ್ಮ ಚಾವಡಿ ಕಟ್ಟಿ ಮ್ಯಾಲೆ ಇಲ್ಲದ ನ್ಯಾಯ ಇದು. ಕಂಪ್ಯೂಟರ್ ಮುಂದೆ ಕುಂತವರು ಝೂಮಿನಾಗ ಆಲ್ಟ್ ಮತ್ತು ವೈ ಅಕ್ಷರ ಕೂಡಿ ಒತ್ತಿದರೆ ಕೈ ಏಳತದ. ಬರೀ ಗುಂಡಿ ಫೋನಿನಿಂದ ಝೂಮ್ ಸಭೆಗೆ ನಂಬರ್ ಹಚ್ಚಿ ಕೂಡಿದವರು ಚುಕ್ಕಿ ಗುಂಡಿ ಒತ್ತಿ ಒಂಬತ್ತು ಒತ್ತಿದರೆ ಕೈ ಏಳತದ. ಚುಕ್ಕಿ ಒತ್ತಿ ಆರು ಒತ್ತಿದರೆ ಮೈಕು ತೆರೀತದ. ಕಣ್ಣು ಕಾಣದವರೂ ಇದನ್ನ ಮಾಡಬಹುದು.

ಮೊಮ್ಮಗಳು ನನಗೆ ಎಂಟು ದಿನ ತಾಲೀಮು ಕೊಟ್ಟಳು. "ಕೈ ಒತ್ತು ಅಜ್ಜಾ. ಹೆಸರ ಕರಿಯೂತನಕ ಸುಮ್ಮಕಿರು. ಕರದ ಮ್ಯಾಲ ಮೈಕ್ ತಗಿ. ಮಾತ ಮುಗದ ಮ್ಯಾಲ ಕೈ ಇಳಸು, ಮೈಕ್ ಮುಚ್ಚು." ನಾನು ಇದನ್ನ ಪದ ಬಾಯಿಪಾಠ ಮಾಡಿದಂಗ ಮಾಡಿದೆ.

ಮುಂದಿನ ಸಭೆ ಬಂತು. ಶುರು ಆದ ಕೂಡಲೇ ನಾನು ಕೈ ಒತ್ತಿದೆ. ಮೂಲೆಯಾಗ ಹಳದಿ ಕೈ ಕಂಡಿತು. ಈ ಸಲ ಗೆದ್ದೆ ಅಂದುಕೊಂಡೆ. ಹತ್ತು ನಿಮಿಷ ಆತು. ಇಪ್ಪತ್ತು ನಿಮಿಷ ಆತು. ಸಾಹೇಬರು ತಮ್ಮ ಕಾಗದ ಓದತಾ ಇದ್ದರು. ಪರದೆಯಾಗ ಕೈ ಎದ್ದೇ ಇತ್ತು. ಆ ಕೈಯ ಕಡೆ ನೋಡೋರು ಯಾರೂ ಇರಲಿಲ್ಲ. ನನಗೆ ನಮ್ಮವ್ವನ ಬಳೆ ನೆನಪಾದವು.

ಆಗ ಆಚೆ ಊರಿನ ಸಾಲಿಯ ಒಬ್ಬ ಬಾಯಾರು ನಡುವೆ ಮೈಕು ತೆರೆದು ಅಂದರು: "ಸರ, ತಪ್ಪ ತಿಳೀಬ್ಯಾಡ್ರಿ, ಅಜ್ಜಾರ ಕೈ ಭಾಳ ಹೊತ್ತಿನಿಂದ ಐತ್ರಿ." ಸಾಹೇಬರು ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿದರು. "ಹಾಂ, ಹೇಳ್ರಿ ಅಜ್ಜಾರ" ಅಂದರು.

ನಾನು ಹಳ್ಳದ ಮಾತು ಹೇಳಿದೆ. ಆರನೇತ್ತೆಯ ಹುಡುಗಿಯ ಎತ್ತರ ಎಷ್ಟು, ಹಳ್ಳ ಬಂದಾಗ ನೀರಿನ ಎತ್ತರ ಎಷ್ಟು, ಎರಡೂ ಹೇಳಿದೆ. ಕನ್ನಡ ವರ್ಗ ಹೋದರೆ ಹೆಣ್ಣುಮಕ್ಕಳನ್ನು ಸಾಲಿ ಬಿಡಸತಾರ, ಹಳ್ಳ ದಾಟಿ ಕಳಿಸೋದಿಲ್ಲ ಅಂದೆ. ಹಿಂದಿನ ಪ್ರೊಸೀಡಿಂಗಿನಾಗ ಯಾರ ಹರಕತ್ತೂ ಇಲ್ಲ ಅಂತ ಬರೆದದ್ದು ತಿದ್ದರಿ, ನಾನು ಅವತ್ತೇ ಕೈ ಎತ್ತಿದ್ದೆ ಅಂದೆ. "ಎಲ್ಲಿ ಎತ್ತಿದ್ರಿ ಅಜ್ಜಾರ?" ಅಂದರು ಸಾಹೇಬರು. "ಹೊಲದಾಗ ಎತ್ತಿದ್ದೆ ಸಾಹೇಬರ" ಅಂದೆ. ಎಲ್ಲಾರೂ ನಕ್ಕರು. ಸಾಹೇಬರೂ ನಕ್ಕರು, ಆದರೆ ಬರಕೊಂಡರು. ನನ್ನ ಹಿಂದ ಇನ್ನೂ ಮೂರು ಹಳದಿ ಕೈ ಎದ್ದವು. ಅದರಾಗ ಎರಡು ಹೆಣ್ಣುಮಕ್ಕಳ ಕೈ.

ಆ ವರ್ಷ ವರ್ಗ ಹೋಗಲಿಲ್ಲ. ನನ್ನೊಬ್ಬನ ಮಾತಿನಿಂದ ಉಳಿಯಿತು ಅಂತ ನಾನು ಹೇಳಿಕೊಳ್ಳಾಂಗಿಲ್ಲ. ನಾಲ್ಕು ಕೈ ಎದ್ದದ್ದು ಖರೆ, ಕಾಗದದ ಸಾಲು ಬದಲಾದದ್ದು ಖರೆ. ನನ್ನ ಮೊಮ್ಮಗಳು ಏಳನೇತ್ತೆ ನಮ್ಮೂರಾಗೇ ಮುಗಿಸಿದಳು. ಓದಿನಾಗ ಈಗ ಅವಳು ನನ್ನನ್ನು ದಾಟಿ ಹೋಗ್ಯಾಳ.

ಇಷ್ಟೆಲ್ಲಾ ತಿಳಕೊಂಡ ಮ್ಯಾಲೆ ನನಗೆ ಅನಿಸಿದ್ದು ಒಂದೇ. ವಲ್ಲಿ, ಬಳೆ, ದಂಡ, ಟೊಪಿಗೆ, ಹಳದಿ ಕೈ, ಗುರುತು ಕಾಲಕಾಲಕ್ಕೆ ಬದಲಾದವು. ಆದರೆ ಎಲ್ಲೆಲ್ಲಿ ಮಾತು ಸಭೆಗೆ ಮುಟ್ಟಿತೋ ಅಲ್ಲೆಲ್ಲಾ ನೋಡೋ ಕೆಲಸದ ಮನುಷ್ಯ ಒಬ್ಬನಿದ್ದ. ಅಥೆನ್ಸಿನಾಗ ಕೂಗೋನಿದ್ದ. ಪಾರ್ಲಿಮೆಂಟಿನಾಗ ಸಭಾಪತಿ ಇದ್ದಾರ. ನಮ್ಮ ಪಡಸಾಲಿಯಾಗ ತಡೀರಿ ಅಂದ ಮುದುಕರಿದ್ದರು. ಫೋನಿನಾಗ ಆ ಬಾಯಾರು ಇದ್ದರು. ಕೈ ಎತ್ತೋದು ಕಲಿಸೋದು ಸುಲಭ, ಎಂಟು ದಿನ ಸಾಕು. ಎತ್ತಿದ ಕೈ ನೋಡೋದು ಕಲೀಬೇಕಾದವರು ಮುಂದೆ ಕುಂತವರು.

ಅದಕ್ಕೆ ನಮ್ಮ ವಾಚನಾಲಯದ ಸಭೆಗೆ ನಾನು ಒಂದು ಪದ್ಧತಿ ಹಾಕ್ರಿ ಅಂತ ಕೇಳಿಕೊಂಡೆ, ಹಿರಿಯರು ಒಪ್ಪಿದರು. ಸಭೆ ಕಟ್ಟಿ ಮ್ಯಾಲೆ ಇರಲಿ, ಫೋನಿನಾಗ ಇರಲಿ, ಅಧ್ಯಕ್ಷರ ಬಾಜೂಕ ಒಬ್ಬರು ಕೈ ನೋಡಾಕಂತಲೇ ಕುಂಡ್ರತಾರ. ಅವರು ಬ್ಯಾರೆ ಏನೂ ಮಾತಾಡಾಂಗಿಲ್ಲ. ಯಾರ ಕೈ ಎದ್ದೈತಿ, ಯಾರು ಕೆಮ್ಮಿದರು, ಯಾರು ಬಾಯಿ ತೆರೆದು ಮತ್ತೆ ಮುಚ್ಚಿದರು ಅನ್ನೋದನ್ನ ಬರಕೊಂಡು ಅಧ್ಯಕ್ಷರಿಗೆ ಹೇಳತಾರ. ಠರಾವು ಬರೆಯೋ ಮೊದಲು ಅಧ್ಯಕ್ಷರು ಇನ್ನೊಮ್ಮೆ ಕೇಳತಾರ, ಕೇಳಿದ ಮ್ಯಾಲೆ ಇಪ್ಪತ್ತು ಎಣಿಸುವತನಕ ಕಾಯತಾರ. ನೆಟ್‌ವರ್ಕ್ ತಡ ಇರತದ, ನಾಚಿಕೆ ಅದಕ್ಕಿಂತ ತಡ ಇರತದ.

ಸಾಲಿಯ ಗುರುಗಳಿಗೆ, ಬಾಯಾರಿಗೆ ನನ್ನದು ಒಂದು ವಿನಂತಿ. ಹುಡುಗರಿಗೆ ಕೈ ಎತ್ತೋದು ನೀವು ಕಲಿಸೇ ಕಲಸತೀರಿ. ವಾರಕ್ಕೆ ಒಂದು ದಿನ ಒಂದು ಹುಡುಗನನ್ನೋ ಹುಡುಗಿಯನ್ನೋ ಕಿಡಕಿಯ ಹತ್ತಿರ ನಿಲ್ಲಿಸಿ, ಹಿಂದಿನ ಸಾಲಿನಾಗ ಯಾರ ಕೈ ಎದ್ದೈತಿ ಅಂತ ನೋಡಿ ಹೇಳೋಕೆ ಹಚ್ಚರಿ. ನಾಳೆ ಅವರೇ ಸರಪಂಚರು, ಅವರೇ ಸಾಹೇಬರು.

ಮೊನ್ನೆ ನಮ್ಮ ವಾಚನಾಲಯದ ಸಭೆಯಾಗ ಕೈ ನೋಡೋ ಪಾಳಿ ನನ್ನದಿತ್ತು. ಹಿಂದಿನ ಗ್ವಾಡಿಗೆ ಆನಿಸಿ ಕುಂತ ಒಬ್ಬ ಹೆಣ್ಣುಮಗಳು ಸೆರಗು ಸರಿಮಾಡಿಕೊಂಡು ಮುಂದಕ್ಕೆ ಸರಿದಳು, ಮತ್ತೆ ಹಿಂದಕ್ಕೆ ಸರಿದಳು. ಕೈ ಎತ್ತಲಿಲ್ಲ. "ತಡೀರಿ, ನಮ್ಮ ತಂಗಿ ಏನೋ ಅಂತಾಳ" ಅಂದೆ. ಸಭೆ ನಿಂತಿತು. ಅವಳು ಎದ್ದು ಹೇಳಿದಳು, ವಾಚನಾಲಯದ ಬಾಗಿಲ ಸಂಜಿ ಆರಕ್ಕ ಮುಚ್ಚತೀರಿ, ಹೊಲದಿಂದ ನಾವು ಬರೋದ ಏಳಕ್ಕ ಅಂತ. ಈಗ ನಮ್ಮ ವಾಚನಾಲಯ ರಾತ್ರಿ ಎಂಟೂವರೆತನಕ ತೆರೆದಿರತದ. ನೀವೂ ಬರ್ರಿ.